ಅಕ್ಕನ ಎಡಗಡೆ

ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್. ಮತ್ತೆ ಅಷ್ಟೇ ಬಿಡುವು. ಟಕ್.

ಗದಗಿನ ಕಣ್ಣಿನ ದವಾಖಾನೆಯಲ್ಲಿ ಕಪ್ಪು ಪರದೆಯ ಆಚೆಯಿಂದ ಬರುತ್ತಿದ್ದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಒಳಗಿನ ಕತ್ತಲಲ್ಲಿ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ತೂರಿಸಿ ಕೂತಿದ್ದಳು. ಬೋಗುಣಿಯ ಒಳಮೈಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕಿನ ಚುಕ್ಕೆ ಮಿನುಗುತ್ತದೆ. ನೇರ ನೋಡುತ್ತಲೇ ಇರಬೇಕು, ಚುಕ್ಕೆ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಇದಕ್ಕೆ ಫೀಲ್ಡ್ ಟೆಸ್ಟ್ ಅನ್ನುತ್ತಾರೆ. ನೇರಕ್ಕಲ್ಲದೆ ಆಚೀಚೆ, ಮೇಲೆ ಕೆಳಗೆ ಎಷ್ಟು ಕಾಣುತ್ತದೆ ಎಂದು ಅಳೆಯುವ ಪರೀಕ್ಷೆ. ಅವಳಿಗಿಂತ ಮೊದಲು ಒಳಗೆ ಹೋಗಿದ್ದ ಮುದುಕರೊಬ್ಬರ ಗುಂಡಿ ಯಾವಾಗಲೋ ಒಮ್ಮೆ ಅಳುಕುತ್ತ ಸದ್ದು ಮಾಡಿತ್ತು. ನಮ್ಮ ಅಕ್ಕನದು ಮಾತ್ರ ಗಡಿಯಾರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಹೆಮ್ಮೆಯಿಂದ ಬೀಗಿದೆ. ಶಿ ಈಸ್ ಡೂಯಿಂಗ್ ಸೋ ವೆಲ್ ಅಂದುಕೊಂಡೆ.

ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವಳು ನನ್ನನ್ನು ಕಾನ್ವೆಂಟ್ ಎಂದು ಕರೆಯುತ್ತಿದ್ದಳು. ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ, ಹುಬ್ಬಳ್ಳಿಯ ಸಿಸ್ಟರುಗಳ ಕೈಯಲ್ಲಿ ಪಳಗಿದ ನನಗೆ ಲಾಳಿಯ ಯಾವ ತುದಿ ಮುಂದೆ ಎಂಬುದು ಗೊತ್ತಿರಲಿಲ್ಲ. ಎರಡೂ ತುದಿ ಒಂದೇ ಎಂದು ಯಾರೂ ಹೇಳಲೂ ಇಲ್ಲ. ನಾನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು ಮಜಾ ತೆಗೆದುಕೊಂಡರು. ಅಕ್ಕನಾದರೆ ತಗ್ಗಿನ ಮಗ್ಗದಲ್ಲಿ ಕಾಲಿಳಿಸಿ ಕೂತರೆ ಅರಸಿ. ಎದುರಿನ ಮಗ್ಗದಲ್ಲಿ ಭಾವ. ಅಕ್ಕನ ಎಡಗೈ ನೂಲು ಬಿಗಿಸುವ ಹಲಗೆ ಬಡಿಯುತ್ತಿತ್ತು, ಬಲಗೈ ಹಗ್ಗದ ಹಿಡಿಯನ್ನು ಜಗ್ಗುತ್ತಿತ್ತು, ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಗಂಡ ಹೆಂಡತಿ ಮುನಿಸಿಕೊಂಡಿದ್ದ ದಿನವೂ ಎರಡು ಮಗ್ಗ ಒಂದೇ ತಾಳಕ್ಕೆ ನಡೆಯುತ್ತಿದ್ದವು. ಅವರ ದಾಂಪತ್ಯದಲ್ಲಿ ಮಾತಿಗಿಂತ ಆ ತಾಳವೇ ಹೆಚ್ಚು ಹೊತ್ತು ಆಡಿತು.

ಅವಳ ಕೈ ಸದಾ ತಣ್ಣಗೆ. ಚಳಿಗಾಲದ ಬೆಳಿಗ್ಗೆ ಬೆರಳ ತುದಿ ಸುಣ್ಣದಂತೆ ಬಿಳುಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ನಾನೇ ಕೇಳಿ ಅವಳ ಅಂಗೈಯನ್ನು ನನ್ನ ಕತ್ತಿನ ಹಿಂದೆ ಇಡಿಸಿಕೊಳ್ಳುತ್ತಿದ್ದೆ. "ಫ್ರಿಜ್ ಯಾಕ ಬೇಕು ಮನ್ಯಾಗ, ಇಕಿ ಅದಾಳಲ್ಲ" ಎಂದು ಭಾವ ನಗುತ್ತಿದ್ದ. ಆ ತಣ್ಣನೆಯ ಕೈಗೂ ಕಣ್ಣಿಗೂ ನಂಟಿರಬಹುದೆಂದು ಆಗ ಯಾರ ತಲೆಗೆ ಹೊಳೆಯಬೇಕು?

ಭಾವ ತೀರಿಕೊಂಡ ವರುಷದಿಂದ ಓಣಿಯಲ್ಲಿ ಒಂದು ಮಾತು ಹುಟ್ಟಿತು. ಅಕ್ಕನಿಗೆ ಸೊಕ್ಕು ಬಂದಿದೆಯಂತೆ. ಎದುರಿಗೆ ಬಂದವರನ್ನು ಮಾತಾಡಿಸುತ್ತಾಳೆ, ಪಕ್ಕದಲ್ಲಿ ಹಾದವರನ್ನು ನೋಡಿಯೂ ನೋಡದಂತೆ ಹೋಗುತ್ತಾಳೆ. "ಗಂಡ ಇರೂತನಾ ಮೆತ್ತಗಿದ್ಲು, ಈಗ ನೋಡ್ರಿ ದಿಮಾಕು" ಎಂದು ನಳದ ಮುಂದೆ ಕೊಡ ಹಿಡಿದು ನಿಂತವರು ನನಗೇ ಹೇಳಿದರು. ನಮ್ಮ ಕಾನ್ವೆಂಟಿನ ಕಾರಿಡಾರಿನಲ್ಲಿ ಎಡಬಲ ನೋಡದೆ ನಡೆಯುವುದು ಮಹಾ ಸದ್ಗುಣವಾಗಿತ್ತು. ಪಕ್ಕಕ್ಕೆ ಕಣ್ಣು ಹಾಯಿಸಿದರೆ ಸೈತಾನ ಅಲ್ಲೇ ನಿಂತಿರುತ್ತಾನೆ ಎಂದು ಸಿಸ್ಟರ್ ಹೆದರಿಸುತ್ತಿದ್ದರು. ಅಕ್ಕ ಅಲ್ಲಿ ಓದಿದ್ದರೆ ನಡತೆಗೆ ಮೆಡಲ್ ಸಿಗುತ್ತಿತ್ತು. ಬೆಟಗೇರಿಯಲ್ಲಿ ಸೊಕ್ಕಿನವಳೆಂಬ ಹೆಸರು ಸಿಕ್ಕಿತು.

ಹೆಸರು ಲಕ್ಷ್ಮೇಶ್ವರದವರೆಗೂ ಹಬ್ಬಿದ್ದು ತುಪ್ಪದಿಂದ.

ಅಕ್ಕನ ಮಗಳನ್ನು ಕೊಟ್ಟಿದ್ದು ಲಕ್ಷ್ಮೇಶ್ವರಕ್ಕೆ. ಮಗಳ ಅತ್ತೆ, ಅಂದರೆ ಅಕ್ಕನ ಬೀಗತಿ, ಎತ್ತರದ ಗಟ್ಟಿ ಹೆಂಗಸು. ಅವಳ ದನಿ ಅವಳಿಗಿಂತ ಮುಂಚೆ ಮನೆಯೊಳಗೆ ಬರುತ್ತದೆ. ಅವಳ ಕಿರಿಯ ಮಗನ ಮದುವೆಯಲ್ಲಿ ನಾವೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದೆವು. ಎಲೆಯಲ್ಲಿ ಗೋಧಿ ಹುಗ್ಗಿ. ಬೀಗತಿ ಖುದ್ದಾಗಿ ತುಪ್ಪದ ತಂಬಿಗೆ ಹಿಡಿದು ಬಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಬೀಗತಿ ತುಪ್ಪ ತಂದರೆ ನೀವು "ಒಲ್ಲೆ ಒಲ್ಲೆ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಅವಳು ನಿಮ್ಮ ಬೆರಳ ಸಂದಿಯಲ್ಲೇ ಸುರಿಯಬೇಕು, ಕೈ ಜಿಡ್ಡಾಗಬೇಕು, ಇಬ್ಬರೂ ನಗಬೇಕು. ಪ್ರೋಟೋಕಾಲ್ ಅಂದರೆ ಪ್ರೋಟೋಕಾಲ್. ಬೀಗತಿ ಅಕ್ಕನ ಎಡಕ್ಕೆ ಬಂದು ತಂಬಿಗೆ ಬಾಗಿಸಿ ನಿಂತಳು. ಅಕ್ಕ ಕೈ ಅಡ್ಡ ಹಿಡಿಯಲಿಲ್ಲ, ಒಲ್ಲೆ ಅನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಹುಗ್ಗಿ ತಿನ್ನುತ್ತಲೇ ಇದ್ದಳು. ವಾಲಗದ ಗದ್ದಲದಲ್ಲಿ ಬೀಗತಿ ಏನಾದರೂ ಹೇಳಿದ್ದರೆ ನನಗೂ ಕೇಳಿಸಲಿಲ್ಲ. ಇಡೀ ಸಾಲು ನೋಡುತ್ತಿತ್ತು. ಬೀಗತಿ ತಂಬಿಗೆ ನೆಟ್ಟಗೆ ಮಾಡಿಕೊಂಡು ಮುಂದೆ ಹೋದಳು. ಹುಗ್ಗಿಯ ಜೊತೆಗೆ ಬೀಗತನವೂ ಅಂದೇ ಮುಗಿಯಿತು.

"ತುಪ್ಪ ಬಂದೇ ಇಲ್ಲ ನನ್ನ ಎಲಿಗೆ" ಎಂದು ಅಕ್ಕ ವಾಪಸು ಬರುವಾಗ ಬಸ್ಸಿನಲ್ಲಿ ತಾನೇ ಸಿಟ್ಟಾದಳು. "ಹೆಣ್ಣ ಕೊಟ್ಟಾರಿಗೆ ಒಣಾ ಹುಗ್ಗಿ ಹಾಕ್ತಾರೇನ ಬೇ ಇವ್ರು?"

ಇದಾದ ಮೇಲೆ ಅವಳು ಎಡಕ್ಕಿಟ್ಟ ಚಹಾದ ಲೋಟವನ್ನು ಮೇಲಿಂದ ಮೇಲೆ ಉರುಳಿಸತೊಡಗಿದಾಗ, ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಇರಬೇಕೆಂದು ನಾನೇ ದವಾಖಾನೆಗೆ ಎಳೆದುಕೊಂಡು ಹೋದೆ. ಡಾಕ್ಟರು ಮುಂಡರಗಿ ಕಡೆಯ ಹುಡುಗಿ, ನನ್ನ ಮಗಳ ವಯಸ್ಸು. ಕಣ್ಣಿನ ಒಳಗಿನ ಒತ್ತಡ ಅಳೆದು ನಾರ್ಮಲ್ ಅಂದಳು. ಮೋತಿಬಿಂದುವೂ ಅಷ್ಟೇನಿಲ್ಲ ಅಂದಳು. ಆಮೇಲೆ ದೀಪ ಬಿಟ್ಟು ಕಣ್ಣಿನ ಹಿಂಭಾಗವನ್ನು ಬಹಳ ಹೊತ್ತು ನೋಡಿ, "ನರ ಯಾಕೋ ಸರಿ ಕಾಣವಲ್ದು" ಎಂದು ಆ ಬೋಗುಣಿ ಯಂತ್ರಕ್ಕೆ ಕಳಿಸಿದಳು. ಟಕ್, ಟಕ್, ಟಕ್.

ರಿಪೋರ್ಟು ಕೈಯಲ್ಲಿ ಹಿಡಿದು ಡಾಕ್ಟರು ಹುಬ್ಬೇರಿಸಿದಳು. "ಅಜ್ಜಿ, ಇಷ್ಟ ಚಲೋ ಯಾರಿಗೂ ಕಾಣೂದಿಲ್ರಿ. ಚುಕ್ಕಿ ಇಲ್ದಾಗೂ ಒತ್ತೀರಿ. ಇದನ್ನ ನಂಬಾಕ ಬರೂದಿಲ್ಲ, ಮತ್ತೊಮ್ಮೆ ಮಾಡೂಣು."

ಅಕ್ಕ ಮೊದಲನೆಯ ವಾಕ್ಯವನ್ನು ಮಾತ್ರ ಕೇಳಿಸಿಕೊಂಡು ಎದ್ದಳು. "ಪಾಸ್ ಆದ ಪರೀಕ್ಷಿಗೆ ಮತ್ತ ಕೂಡೂ ಹುಚ್ಚಿ ಯಾರು? ನಮ್ಮ ಕಾನ್ವೆಂಟೂ ಹಂಗ ಮಾಡಿಲ್ಲ. ನಡಿ ಬೇ."

ನಾನು ಎಷ್ಟು ಗೋಗರೆದರೂ ಆಮೇಲೆ ಅವಳು ಆ ಕಡೆ ಹಾಯಲಿಲ್ಲ. ಬದಲಿಗೆ ಓಣಿಯಲ್ಲೆಲ್ಲ, "ಡಾಕ್ಟರ ಅಂದಾಳ, ಇಡೀ ಗದಗಿನ್ಯಾಗ ನನ್ನಂಥ ಕಣ್ಣ ಇಲ್ಲಂತ" ಎಂದು ಸಾರಿಕೊಂಡು ಬಂದಳು. ಹೇಳುವಾಗ ಎದುರಿಗಿದ್ದವರನ್ನು ಮಾತ್ರ ನೋಡಿ ಹೇಳಿದಳು. ಪಕ್ಕದವರ ಸಿಟ್ಟು ಇನ್ನಷ್ಟು ಹೆಚ್ಚಿತು.

ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ಮಗಳಿಗೆ ಎರಡನೆಯ ಹೆರಿಗೆಯಾಯಿತು. ತುಪ್ಪದ ಸಿಟ್ಟಿಗೆ ಬೀಗತಿ ಸೊಸೆಯನ್ನು ತವರಿಗೆ ಕಳಿಸಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮಾತ್ರ ಮನಸ್ಸು ತಡೆಯದೆ ಹೇಳಿ ಕಳಿಸಿದಳು. ಹೋದೆವು. ಹೆಂಗಸರು ಜೋಗುಳ ಎತ್ತಿಕೊಂಡಿದ್ದರು. ಅಕ್ಕ ಹೂವಿನಿಂದ ಸಿಂಗರಿಸಿದ ತೊಟ್ಟಿಲನ್ನೇ ನೋಡುತ್ತ ನಿಂತಿದ್ದಳು. ಬೀಗತಿ ಕೂಸನ್ನು ಎತ್ತಿಕೊಂಡು, ಪಾಪ, ರಾಜಿಗೆಂದೇ ಬಂದು ಅಕ್ಕನ ಎಡಕ್ಕೆ ನಿಂತು ಚಾಚಿದಳು. ಅಕ್ಕ ಕೈ ಮುಂದೆ ಮಾಡಲಿಲ್ಲ. ಕೂಸು ಗಾಳಿಯಲ್ಲೇ ಇತ್ತು. ಹಾಡು ನಿಂತಿತು.

"ನೋಡ್ರೆವ್ವಾ!" ಬೀಗತಿ ಕೂಸನ್ನು ಎದೆಗೆ ಅವುಚಿಕೊಂಡು ಕೂಗಿದಳು. "ಅವತ್ತ ತುಪ್ಪ ಒಲ್ಲಂದ್ಲು. ಇವತ್ತ ಮಗಳ ಕೂಸೂ ಒಲ್ಲಂತ!"

ಅಕ್ಕ ಗಾಬರಿಯಿಂದ ಸುತ್ತ ನೋಡಿದಳು. "ಕೂಸಾ? ಎಲ್ಲೈತಿ ಕೂಸು?"

ಕೂಸು ಅವಳ ತೋಳಿನಿಂದ ಒಂದು ಗೇಣು ದೂರದಲ್ಲಿತ್ತು.

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮುಂದೆ ಹೋಗಿ ಅಕ್ಕನ ಎಡಗಿವಿಯ ಹತ್ತಿರ ಬೆರಳಾಡಿಸಿದೆ. ರೆಪ್ಪೆ ಅಲುಗಲಿಲ್ಲ. ಕೆನ್ನೆಯ ಮುಂದಕ್ಕೆ ತಂದೆ. ಇಲ್ಲ. ಮೂಗಿನ ಹತ್ತಿರಕ್ಕೆ ಬಂದಾಗ, "ಯಾಕ ಬೇ, ನೊಣ ಹೊಡಿಯಾಕತ್ತೀಯೇನ?" ಎಂದಳು.

ಬೀಗತಿ ನಂಬಲಿಲ್ಲ. "ಇದು ಸೋಗೋ ಖರೇನೋ ನಾನ ಕಣ್ಣಾರೆ ನೋಡ್ತೀನಿ" ಎಂದು ಮರುದಿನ ನಮ್ಮ ಜೊತೆಗೇ ಗದಗಿನ ಬಸ್ಸು ಹತ್ತಿದಳು. ಅಕ್ಕನ ಎಡಕ್ಕೇ ಕೂತು, ದಾರಿಯುದ್ದಕ್ಕೂ ಸದ್ದಿಲ್ಲದೆ ಶೇಂಗಾ ಚಾಚಿ ನೋಡಿದಳು. ಚಾಚುವುದು, ಕಾಯುವುದು, ತಾನೇ ತಿನ್ನುವುದು. ಶೇಂಗಾ ಎಂದರೆ ಪ್ರಾಣ ಬಿಡುವ ಅಕ್ಕ ಒಮ್ಮೆಯೂ ತಿರುಗಲಿಲ್ಲ. ಮುಳಗುಂದ ಬರುವಷ್ಟರಲ್ಲಿ ಬೀಗತಿ ತಿನ್ನುವುದನ್ನು ನಿಲ್ಲಿಸಿದ್ದಳು. ಪೊಟ್ಟಣ ಮಡಚಿ ಸೆರಗಿಗೆ ಕಟ್ಟಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮತ್ತೆ ಅದೇ ಪರದೆ, ಅದೇ ಕತ್ತಲು. ಟಕ್. ಒಂದು ಉಸಿರು. ಟಕ್. ಈ ಸಲ ಅದು ನನ್ನ ಕಿವಿಗೆ ಬೇರೆಯಾಗಿ ಬಿತ್ತು. ಈ ಸದ್ದಿನ ನಡುವೆ ನಾನು ಅರ್ಧ ಆಯಸ್ಸು ಅಡಿಗೆ ಮಾಡಿದ್ದೇನೆ, ಮಕ್ಕಳನ್ನು ಮಲಗಿಸಿದ್ದೇನೆ. ಮುಷ್ಟಿಯಲ್ಲಿ ಹಿಡಿಯುವ ಆ ಗುಂಡಿಯ ಗಾತ್ರ ಥೇಟು ಮಗ್ಗದ ಹಗ್ಗದ ಹಿಡಿಯದು. ಬಲಗೈಗೆ ಕೊಟ್ಟಿದ್ದಾರೆ. ಎದುರಿಗೆ ಬೋಗುಣಿಯ ಬಿಳುಪು, ಮಗ್ಗದ ಮೇಲೆ ಎಳೆದು ಕಟ್ಟಿದ ಬಿಳಿ ಹಾಸುನೂಲಿನಂತೆ. ಕೈ ತನಗೆ ಗೊತ್ತಿರುವ ಕೆಲಸ ಶುರು ಮಾಡಿದೆ.

ನಾನು ಪರದೆ ಸರಿಸಿ ಒಳಗೆ ನುಗ್ಗಿದೆ. "ಡಾಕ್ಟರ್, ಸ್ಟಾಪ್! ಇಕಿ ಚುಕ್ಕಿ ನೋಡವಲ್ಲಳು, ನೇಯಾಕತ್ತಾಳ!"

"ಏನ್ರಿ?"

"ಅರಿವಿ ನೇಯಾಕತ್ತಾಳ್ರಿ! ಇಲ್ಲೀತನಾ ಒಂದು ಸೀರಿ ಆಗಿರಬೇಕು!"

ಡಾಕ್ಟರು ನನ್ನನ್ನೂ ಅಕ್ಕನ ಕೈಯನ್ನೂ ನೋಡಿದಳು. ಅಕ್ಕ, "ಒತ್ತು ಅಂದ್ರಿ, ಒತ್ತಿದ್ನೆಪಾ" ಎಂದು ಗೊಣಗಿದಳು. ಡಾಕ್ಟರು ನಗದೆ ಗುಂಡಿಯನ್ನು ಅವಳ ಎಡಗೈಗೆ ಕೊಟ್ಟಳು. ಹಲಗೆ ಬಡಿಯುವ ಆ ಕೈಗೆ ಹಿಡಿ ಜಗ್ಗುವ ಅಭ್ಯಾಸವಿಲ್ಲ. "ಅವಸರ ಇಲ್ರಿ ಅಜ್ಜಿ. ಕಂಡ್ರ ಅಷ್ಟ" ಎಂದಳು. ನಾನು ಹೊರಗೆ ಬಂದು ಬೀಗತಿಯ ಪಕ್ಕ ಕೂತೆ. ಒಂದು ಟಕ್ ಕೇಳಿಸಿತು. ಆಮೇಲೆ ಏನೂ ಇಲ್ಲ. ಇನ್ನೊಂದು ಟಕ್. ಮತ್ತೆ ಏನೂ ಇಲ್ಲ. ಆ ಮೌನ ಎಷ್ಟು ಉದ್ದವಿತ್ತೆಂದರೆ ಬೀಗತಿ ನನ್ನ ಕೈ ಹಿಡಿದುಕೊಂಡಳು.

ಎಡಗಣ್ಣಿನ ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲಿ ಮೂಗಿನ ಕಡೆಯ ಭಾಗ ಹೋಗತೊಡಗಿತ್ತು. ಅದಕ್ಕೇ ಎಡಗಡೆಯ ಇಡೀ ಜಗತ್ತು ಅವಳ ಪಾಲಿಗೆ ಖಾಲಿಯಾಗಿದ್ದು. ಡಾಕ್ಟರು ಅದಕ್ಕೆ ನಾರ್ಮಲ್ ಟೆನ್ಶನ್ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಸರಿಯಿದ್ದರೂ ನರ ಒಣಗುವ ಕಾಯಿಲೆ, ಎಂದಳು. ನಾರ್ಮಲ್ ಆಗಿದ್ದರೆ ಕಾಯಿಲೆ ಯಾಕೆ, ಕಾಯಿಲೆಯಾದರೆ ನಾರ್ಮಲ್ ಯಾಕೆ ಎಂದು ನಾನು ವಾದಕ್ಕಿಳಿದೆ. ಡಾಕ್ಟರು ಬಡಪಾಯಿ, ನಮ್ಮ ಮೂವರ ಮುಖ ನೋಡಿ ನಳದ ನೀರಿಗೆ ಇಳಿದಳು.

"ನಿಮ್ಮ ಓಣಿಗೆ ನೀರು ಹೆಂಗ ಬರತಾವ್ರಿ ಅಜ್ಜಿ?"

"ಬಂದ್ರ ಬಂದುವು" ಎಂದಳು ಅಕ್ಕ.

"ಟಾಕಿ ಸರಿ ಐತಿ, ಪೈಪ್ ಒಡದಿಲ್ಲ, ಆದ್ರೂ ತುದೀ ಮನಿಗೆ ನೀರಿಲ್ಲ. ಹೌದಿಲ್ಲೋ? ಕಣ್ಣಿನ ಹಿಂದಿನ ನರ ಅಂದ್ರ ಆ ತುದೀ ಮನಿ. ಅದಕ್ಕ ರಕ್ತ ಸಾಲವಲ್ದು. ರಕ್ತದ ಪೈಪು ಹಿಗ್ಗಸೂದು, ಕುಗ್ಗಸೂದು ನಮ್ಮ ಮೈಯ್ಯಾಗಿನ ಬ್ಯಾರೆ ನರಗೋಳ ಕೆಲಸ. ಅವು ನಮ್ಮ ಮಾತು ಕೇಳೂದಿಲ್ಲ, ತಮ್ಮಷ್ಟಕ್ಕ ತಾವ ಮಾಡತಾವು. ಕೆಲವರಿಗೆ ಚಳಿ ಬಿದ್ರ ಸಾಕು, ಚಿಂತಿ ಆದ್ರ ಸಾಕು, ಸಿಕ್ಕಾಪಟ್ಟಿ ಬಿಗೀತಾವು. ಕೈ ತಣ್ಣಗ ಇರತಾವೇನ್ರಿ ನಿಮಗ?"

ಬೀಗತಿ ಎದ್ದಳು. "ಅಂದ್ರ ವಾಲ್ವ್ ತಿರಗಸಾಂವ ಹಲ್ಕಟ್ ಅದಾನಂತ ಆತು."

"ಹೌದ್ರಿ" ಎಂದಳು ಡಾಕ್ಟರು. "ಅದರ ಮ್ಯಾಲ ರಾತ್ರಿ ಮಲಗಿದಾಗ ಎಲ್ಲಾರದೂ ಬಿಪಿ ಇಳೀತೈತಿ. ಬಾಳ ಇಳದ್ರ ತುದೀ ಮನಿ ಪೂರಾ ಒಣಗತೈತಿ."

ಅವಳು ಅಕ್ಕನ ತೋಳಿಗೆ ಒಂದು ಪಟ್ಟಿ ಕಟ್ಟಿ ಕಳಿಸಿದಳು. ಹಗಲೂ ರಾತ್ರಿಯೂ ತಾನೇ ಉಬ್ಬಿ, ತಾನೇ ಬಿಪಿ ಬರೆದುಕೊಳ್ಳುವ ಯಂತ್ರ. ಬೀಗತಿ ಆ ರಾತ್ರಿ ನಮ್ಮಲ್ಲೇ ಉಳಿದಳು. ಮರುದಿನ ಅದನ್ನು ಬಿಚ್ಚಿ ನೋಡಿದಾಗ ಡಾಕ್ಟರ ಮುಖ ಗಂಭೀರವಾಯಿತು. ನಿದ್ದೆಯಲ್ಲಿ ಅಕ್ಕನ ಬಿಪಿ ಪಾತಾಳಕ್ಕೆ ಹೋಗಿತ್ತು.

"ನೀವು ಹೇಳಿದ ಒಂದ ಬಿಪಿ ಗುಳಿಗಿಗೆ ಇಷ್ಟ ಇಳಿಯೂದಿಲ್ರಿ. ರಾತ್ರಿ ಏನೇನ ತಗೋತೀರಿ ಅಜ್ಜಿ? ಖರೆ ಹೇಳ್ರಿ. ಬಲಗಣ್ಣರ ಉಳೀಬೇಕಲ್ಲ?"

ಅಕ್ಕ ಸೆರಗಿನ ಅಂಚನ್ನು ಬೆರಳಲ್ಲಿ ತೀಡಿದಳು. ನೂಲು ನೋಡುವವರು ಹಾಗೇ ತೀಡುತ್ತಾರೆ.

"ನಂದೊಂದು. ಅವರದೊಂದು."

"ಯಾರದ್ರಿ?"

"ನಮ್ಮ ಮನಿಯಾರದು."

ಭಾವ ಸತ್ತು ಆಗಲೇ ಮೂರನೆಯ ವರುಷ. ಅವನ ಬಿಪಿ ಗುಳಿಗೆಯನ್ನು ಇವಳು ದಿನಾ ರಾತ್ರಿ ತನ್ನದರ ಜೊತೆಗೆ ನುಂಗುತ್ತಿದ್ದಳು. ಬದುಕಿದ್ದಾಗ ಭಾವನ ಬಿಪಿ ಎಂದೂ ಇಷ್ಟು ಕಂಟ್ರೋಲಿನಲ್ಲಿ ಇರಲಿಲ್ಲ. ನಾನು ನಕ್ಕುಬಿಟ್ಟೆ. ಗಾಡ್ ಫರ್ಗಿವ್ ಮಿ, ಜೋರಾಗಿಯೇ ನಕ್ಕೆ.

"ನಗತೀ ಏನ ಬೇ" ಎಂದಳು ಅಕ್ಕ. "ಸ್ಟೇಶನ್ ರೋಡಿನ ಮೆಡಿಕಲ್‌ದಾಂವ ತಿಂಗಳಾ ಎರಡೂ ಪೊಟ್ಟಣಾ ಕಟ್ಟಿಡತಾನ. ಒಂದು ಬಂದ ಮಾಡೋ ಅಂತ ನಾ ಹೆಂಗ ಹೇಳಲಿ? ಹೇಳಿದ್ರ ಯಾಕಂತ ಕೇಳತಾನ. ಕೇಳಿದ್ರ ಹೇಳಬೇಕು. ಮನಿಗೆ ತಂದ ಮ್ಯಾಲ ಚೆಲ್ಲಾಕ ಆಗತೈತೇನ? ಅವರ ಗುಳಿಗಿ ತಗದು ಕೊಡಾಕಿ ನಾನ ಇದ್ನಿ. ಕೈ ತಗೀತೈತಿ. ತಗದದ್ದನ್ನ ಮತ್ತ ಡಬ್ಬಿಗೆ ಹಾಕಾಕ ಮನಸಾಗೂದಿಲ್ಲ."

ನನ್ನ ನಗು ಎಲ್ಲಿ ಹೋಯಿತೋ. ಬೀಗತಿ ಮೂಗು ಸೀಟಿಕೊಂಡಳು. "ನಮ್ಮಾಂವ ಇನ್ನೂ ಜೀವಂತ ಅದಾನ, ಅವನ ಗುಳಿಗಿ ಯಾವ ಬಣ್ಣದ್ದು ಅಂತ ನನಗ ಗೊತ್ತಿಲ್ಲ" ಎಂದಳು.

ಹೋದದ್ದು ಬರುವುದಿಲ್ಲ, ಇದ್ದುದನ್ನು ಕಾಯಬೇಕು ಎಂದಳು ಡಾಕ್ಟರು. ಬಿಪಿ ನೋಡುವ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿದಳು. ಭಾವನ ಗುಳಿಗೆ ಬಂದ್ ಆಯಿತು, ಅಕ್ಕನ ಗುಳಿಗೆ ಬೆಳಿಗ್ಗೆಗೆ ಹೋಯಿತು, ದಿನಾ ಕಣ್ಣಿಗೆ ಹನಿ ಬಂತು. ಅಲ್ಲಿಂದ ಹೊರಟವರೇ ಸ್ಟೇಶನ್ ರೋಡಿಗೆ ಹೋದೆವು. ನಾನು ಹೇಳುತ್ತೇನೆ ಅಂದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೌಂಟರಿನ ಮುಂದೆ ನಿಂತಳು.

"ಅಜ್ಜಾರ ಗುಳಿಗಿ ಬ್ಯಾಡಪಾ ಇನ್ನ."

"ಯಾಕ್ರಿ ಅಮ್ಮಾರ? ಅಜ್ಜಾರಿಗೆ ಕಡಿಮಿ ಆತೇನ್ರಿ?"

"ಹೂಂನಪಾ. ಪೂರಾ ಕಡಿಮಿ ಆತು."

ಅಲ್ಲಿಂದ ಮನೆಯ ಕಡೆ ನಡೆದೆವು. ಬೀಗತಿ ಸೆರಗಿನಿಂದ ಶೇಂಗಾ ಬಿಚ್ಚಿ, ಈ ಸಲ ಅಕ್ಕನ ಬಲಕ್ಕೆ ಬಂದು ಚಾಚಿದಳು. ಅಕ್ಕ ತೆಗೆದುಕೊಂಡಳು.

ಆಮೇಲಿನ ದಿನಗಳಲ್ಲಿ ಅಕ್ಕ ಕೊರಳು ತಿರುಗಿಸುವುದನ್ನು ಹಟ ಹಿಡಿದು ಕಲಿತಳು. ಇನ್ನು ಯಾರೂ ಸೊಕ್ಕಿನವಳು ಅನ್ನಬಾರದು ಎಂದು ರಸ್ತೆಯಲ್ಲಿ ಹೆಜ್ಜೆಗೊಮ್ಮೆ ಎಡಕ್ಕೆ ಪೂರಾ ತಿರುಗಿ, ಕಂಡದ್ದಕ್ಕೆಲ್ಲ ನಮಸ್ಕಾರ ಹಾಕುತ್ತಿದ್ದಳು. ಗುರುತಿಲ್ಲದವರಿಗೆ, ಕರೆಂಟಿನ ಕಂಬಕ್ಕೆ, ಒಮ್ಮೆ ನನ್ನ ಕಣ್ಣೆದುರೇ ಮೇಯುತ್ತಿದ್ದ ಎಮ್ಮೆಗೆ. "ಹೋಗಲಿ ಬಿಡ, ಅದರ ಅಭಿಮಾನಕ್ಕೂ ಧಕ್ಕಿ ಆಗಬಾರ್ದು" ಎಂದಳು. ಬೀಗತಿಯಾದರೆ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಎಡಕ್ಕ ಬರಾಕತ್ತೀನ್ರಿ!" ಎಂದು ರೈಲಿನಂತೆ ಕೂಗಿ ಒಳಗೆ ಬರುತ್ತಿದ್ದಳು. ದವಾಖಾನೆಯ ಪರೀಕ್ಷೆಗೆ ನಾವು ಮೂವರೂ ಹೋಗುತ್ತಿದ್ದೆವು. ಪ್ರತಿ ಸಲ ಗುಂಡಿ ಎಡಗೈಗೆ. "ಬಲಗಣ್ಣ ಇದ್ದಲ್ಲೇ ನಿಂತೈತ್ರಿ" ಎಂದು ಡಾಕ್ಟರು ಹೇಳುವವರೆಗೆ ನಾನು ಹೇಲ್ ಮೇರಿಯನ್ನೂ ಬೀಗತಿ ತನ್ನ ಮನೆದೇವರನ್ನೂ ಒಟ್ಟಿಗೆ ಜಪಿಸುತ್ತಿದ್ದೆವು. ಯಾವುದು ಫಲಿಸಿತೋ, ಹನಿಯೇ ಫಲಿಸಿತೋ ಕೇಳಲು ಹೋಗಲಿಲ್ಲ.

ಕಣ್ಣು ಕೊನೆಯವರೆಗೂ ಉಳಿಯಿತು. ನಿಂತದ್ದು ಹೃದಯ. ಮಗಳ ಮನೆಗೆಂದು ಲಕ್ಷ್ಮೇಶ್ವರಕ್ಕೆ ಹೋದವಳು, ಒಂದು ಮಧ್ಯಾಹ್ನ ಉಂಡು ಅಡ್ಡಾದವಳು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು. ತೆಗೆಯುತ್ತೇನೆ ಅಂದವರಿಗೆ ಬೇಡ ಅಂದೆ. ಆದ್ದರಿಂದ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಕೆಲವು ದಿನ ಮೊದಲು, ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ.

ಅವಳನ್ನು ಅಲ್ಲಿ ಬಿಟ್ಟು ನಾನು ಗದಗಿಗೆ ವಾಪಸಾಗುವವಳಿದ್ದೆ. ನನಗೆ ಕಿಟಕಿಯ ಸೀಟು ಸಿಕ್ಕಿತು. ಅವಳು ಕೆಳಗೆ, ಬಸ್ಸನ್ನು ಎಡಕ್ಕೆ ಮಾಡಿಕೊಂಡು ನಿಂತಿದ್ದಳು. ಇಲ್ಲಿದ್ದೀನಿ ಎಂದು ಕೂಗಲು ಬಾಯಿ ತೆರೆದವಳು ಯಾಕೋ ಸುಮ್ಮನಾದೆ. ಅವಳು ಇಡೀ ಮೈಯನ್ನು ನಿಧಾನಕ್ಕೆ ನಮ್ಮ ಕಡೆ ತಿರುಗಿಸಿದಳು. ಡ್ರೈವರನಿಂದ ಶುರು ಮಾಡಿ ಕಿಟಕಿ ಕಿಟಕಿಗೂ ಮುಖ ತಂದು, ನೋಡಿ, ಮುಂದಕ್ಕೆ ಸರಿದಳು. ಮುಂದಿನ ಸೀಟಿನ ರುಮಾಲಿನವರೊಬ್ಬರಿಗೆ ಕೈ ಮುಗಿದಳು. ಅವರು ಗಲಿಬಿಲಿಗೊಂಡು ತಾವೂ ಮುಗಿದರು. ಕಂಡಕ್ಟರು ಸೀಟಿ ಹೊಡೆದ. ಅವಳಿಗೆ ಅವಸರವಿರಲಿಲ್ಲ. ನನ್ನ ಕಿಟಕಿಗೆ ಬಂದಾಗ ಅವಳ ಮುಖ ನಿಂತಿತು.

"ಕಂಡಿ ಬಿಡ, ಕಾನ್ವೆಂಟ್" ಎಂದಳು. "ಬಾಯಾಗ ಬೆಲ್ಲ ಇಟಗೊಂಡು ಕುಂತೀ ಏನ? ಹೋಗ ಇನ್ನ."

ಬಸ್ಸು ಹೊರಟಿತು. ನಾನು ಕತ್ತು ಹೊರಗೆ ಹಾಕಿ ನೋಡಿದೆ. ಅವಳು ನನ್ನ ಹಿಂದಿನ ಕಿಟಕಿಯವರನ್ನು ನೋಡುತ್ತಿದ್ದಳು, ಆಮೇಲೆ ಅದರ ಹಿಂದಿನವರನ್ನು, ಒಬ್ಬರನ್ನೂ ಬಿಡದೆ.